ಮಲೆನಾಡಿನ ಚರ್ಚ್ ಸಭೆಗೆ ವರ್ಷದ ಬಜೆಟ್: ಅಡಿಕೆ ಕಾಲದ ದುಡ್ಡನ್ನು ಮಳೆಗಾಲಕ್ಕೆ ಹೇಗೆ ಉಳಿಸುವುದು?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ವಂದನೆಗಳು. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಈ ವರ್ಷ ಖಜಾಂಚಿ ಕೆಲಸ ನನ್ನ ಪಾಲಿಗೆ ಬಂದಿದೆ. ಮಾರ್ಚ್ 31ಕ್ಕೆ ಲೆಕ್ಕ ಮುಚ್ಚಿ, ವಾರ್ಷಿಕ ಮಹಾಸಭೆಯ ಮುಂದೆ ಜಮಾ-ಖರ್ಚು ಮತ್ತು ಮುಂದಿನ ವರ್ಷದ ಬಜೆಟ್ ಇಡಬೇಕು.

ಹಳೆಯ ಕ್ಯಾಶ್ ಬುಕ್‌ಗಳನ್ನೆಲ್ಲ ತೆಗೆದು ಓದಿದೆ. ಮೋಸ ಏನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನವರು ಸಣ್ಣ ಖರ್ಚಿಗೂ ವೋಚರ್ ಇಟ್ಟಿದ್ದಾರೆ. ಆದರೂ ಪ್ರತಿ ಮಹಾಸಭೆಯಲ್ಲಿ ಅದೇ ಜಗಳ: "ಚಾವಣಿಗೆ ಅಂತ ಕೊಟ್ಟ ದುಡ್ಡು ಎಲ್ಲಿ ಹೋಯಿತು?" ಉತ್ತರ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಮನಸ್ಸು ಕೆಟ್ಟು ಎರಡು ಮನೆಯವರು ಬರುವುದನ್ನೇ ಬಿಟ್ಟಿದ್ದಾರೆ.

ಆದಾಯ ಖರ್ಚನ್ನು ತಿಂಗಳವಾರು ಬಿಡಿಸಿ ಬರೆದ ಮೇಲೆ ಕಾರಣ ಕಾಣಿಸಿತು. ನಮಗೆ ದುಡ್ಡು ಬರುವುದು ನವೆಂಬರ್‌ನಿಂದ ಫೆಬ್ರುವರಿವರೆಗೆ. ಸುಗ್ಗಿ ಹಬ್ಬದ ಹರಾಜು, ಕ್ರಿಸ್‌ಮಸ್ ಕಾಣಿಕೆ, ಅಡಿಕೆ ಮಾರಿದವರ ಕೃತಜ್ಞತಾ ಕಾಣಿಕೆ ಎಲ್ಲಾ ಆಗಲೇ. ಖರ್ಚು ಬರುವುದು ಅದಕ್ಕೆ ಪೂರ್ತಿ ಉಲ್ಟಾ. ಏಪ್ರಿಲ್-ಮೇನಲ್ಲಿ ಮಳೆ ಹಿಡಿಯುವ ಮೊದಲು ಹೆಂಚು ಇಳಿಸಿ ಹೊದೆಸಬೇಕು. ಜೂನ್‌ನಲ್ಲಿ ಬಡ ಮಕ್ಕಳ ಶಾಲೆ ಫೀಸಿಗೆ ಸಹಾಯ. ಆಮೇಲೆ ಮೂರು ನಾಲ್ಕು ತಿಂಗಳು ಕಾಣಿಕೆ ಚೀಲ ತುಂಬುವುದೇ ಇಲ್ಲ. ಹಳ್ಳ ಉಕ್ಕಿದರೆ ಆಚೆ ಕಡೆಯ ಮನೆಯವರು ಬರಲಾಗುವುದಿಲ್ಲ, ತೋಟದ ಕೂಲಿ ಮಾಡುವವರಿಗೆ ಕೆಲಸವೂ ಕಡಿಮೆ. ಆದರೆ ಡಯಾಸಿಸ್‌ಗೆ (ಬಿಷಪ್ಪರ ಆಡಳಿತಕ್ಕೆ) ಪ್ರತಿ ಸಭೆ ಕಟ್ಟುವ ಪಾಲು ಅಂದರೆ ಅಸೆಸ್‌ಮೆಂಟ್, ಕರೆಂಟ್ ಬಿಲ್, ಚರ್ಚ್ ಗುಡಿಸಿ ಗಂಟೆ ಹೊಡೆಯುವವರ ಸಂಬಳ ಮಳೆಗೆ ಅಂತ ನಿಲ್ಲುವುದಿಲ್ಲ ಅಲ್ವಾ?

ಹಾಗಾಗಿ ಆಗಸ್ಟ್ ಹೊತ್ತಿಗೆ ಚಾವಣಿ ದುಡ್ಡಿಗೆ ಕೈ ಹಾಕುತ್ತಾರೆ. ಕೆಲವು ವರ್ಷ ಪೂರ್ತಿ ವಾಪಸ್ ಹಾಕಿದ್ದಾರೆ, ಕೆಲವು ವರ್ಷ ಅರ್ಧ. ಎಲ್ಲಾ ಒಂದೇ ಖಾತೆಯಲ್ಲಿರುವುದರಿಂದ ಏನೂ ಗೊತ್ತಾಗುವುದಿಲ್ಲ. ಬಜೆಟ್ ನೋಡಿದರೆ ವರ್ಷದ ಒಟ್ಟು ಮೊತ್ತ ಮಾತ್ರ. ಅದರಲ್ಲಿ ಮಳೆಗಾಲ ಅನ್ನುವುದೇ ಇಲ್ಲ!

ಮಲೆನಾಡಿನ ಬೇರೆ ಸಭೆಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ? ಕಾಲಕ್ಕೆ ತಕ್ಕ ಹಾಗೆ ಬಜೆಟ್ ಮಾಡಿದವರು ಯಾರಾದರೂ ಇದ್ದೀರಾ?

ನಿವೃತ್ತ ಕ್ಯಾಷಿಯರ್ (ಶಿವಮೊಗ್ಗ)

ತಿಂಗಳವಾರು ಬಿಡಿಸಿ ಬರೆದಿರಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಬ್ಯಾಂಕಿನಲ್ಲಿ ಸರ್ವೀಸ್ ಮುಗಿಸಿ ಈಗ ನಮ್ಮ ಚರ್ಚಿನ ಲೆಕ್ಕ ನೋಡುತ್ತಿರುವವನು ನಾನು. ನಾವು ಮಾಡುವುದನ್ನು ಹೇಳುತ್ತೇನೆ.

ಮೊದಲು, ಚಾವಣಿ ದುಡ್ಡಿಗೆ ಬೇರೆ ಉಳಿತಾಯ ಖಾತೆ. ಅದೂ ಸಭೆಯ ಹೆಸರಲ್ಲೇ, ಇಬ್ಬರ ಸಹಿ ಇಲ್ಲದೆ ಹಣ ತೆಗೆಯಲು ಆಗದ ಹಾಗೆ. ಬೇರೆ ಖಾತೆ ಮಾಡಲು ನಿಮ್ಮ ಕಮಿಟಿ ಒಪ್ಪದಿದ್ದರೆ ಕೊನೆಪಕ್ಷ ಲೆಜರ್‌ನಲ್ಲಿ ಅದಕ್ಕೊಂದು ಬೇರೆ ಪುಟ ತೆರೆಯಿರಿ. ಪ್ರತಿ ತಿಂಗಳ ಕೊನೆಯಲ್ಲಿ ಅದರ ಬಾಕಿ ಮತ್ತು ಸಾಮಾನ್ಯ ನಿಧಿಯ ಬಾಕಿ ಕೂಡಿದರೆ ಪಾಸ್‌ಬುಕ್ ಮತ್ತು ಕೈಯಲ್ಲಿರುವ ನಗದಿಗೆ ಸರಿಹೊಂದಬೇಕು.

ಎರಡನೆಯದು ಮಳೆಗಾಲದ ಮೀಸಲು. ನಿಮ್ಮ ಜಗಳದ ಬೇರು ಇರುವುದು ಇಲ್ಲೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಡಲಾಗದ ಖರ್ಚು ಎಷ್ಟು ಅಂತ ಕೂಡಿಸಿ. ಹಿಂದಿನ ಮೂರು ವರ್ಷಗಳಲ್ಲಿ ಆ ತಿಂಗಳುಗಳ ಕಾಣಿಕೆ ಯಾವ ವರ್ಷ ತೀರಾ ಕಡಿಮೆ ಬಂದಿತ್ತೋ ಆ ಕಾಣಿಕೆಯನ್ನು ಈ ಖರ್ಚಿನಿಂದ ಕಳೆಯಿರಿ. ಉಳಿದದ್ದೇ ಮೀಸಲು. ಲೆಕ್ಕಕ್ಕೆ ಒಂದು ಉದಾಹರಣೆ: ತಿಂಗಳಿಗೆ 18,000 ಖರ್ಚು, ಐದು ತಿಂಗಳಿಗೆ 90,000. ಕಾಣಿಕೆ ತಿಂಗಳಿಗೆ 9,000 ಅಂತ ಹಿಡಿದರೆ 45,000. ಅಂದರೆ ಫೆಬ್ರುವರಿ ಮುಗಿಯುವುದರೊಳಗೆ 45,000 ರೂಪಾಯಿ ಪಕ್ಕಕ್ಕೆ ಇಟ್ಟಿರಬೇಕು. ಸಣ್ಣ ಅವಧಿಯ ಎಫ್‌ಡಿ ಮಾಡಿ, ಜೂನ್‌ಗೆ ಕೈಗೆ ಬರುವ ಹಾಗೆ. ಸರಾಸರಿ ಹಿಡಿಯಬೇಡಿ, ತೀರಾ ಕೆಟ್ಟ ವರ್ಷವನ್ನೇ ಹಿಡಿಯಿರಿ. ಅಡಿಕೆಗೆ ಕೊಳೆ ರೋಗ ಬಂದ ವರ್ಷ ಸರಾಸರಿ ಯಾವ ಕೆಲಸಕ್ಕೂ ಬರುವುದಿಲ್ಲ.

ಬಜೆಟ್ ಮಂಡಿಸುವಾಗ ಇದನ್ನು ಒಂದು ಖರ್ಚಿನ ಸಾಲಾಗಿಯೇ ತೋರಿಸಿ. ಇಲ್ಲದಿದ್ದರೆ ಜನವರಿಯಲ್ಲಿ ಖಾತೆಯಲ್ಲಿ ದುಡ್ಡು ಕಂಡ ಕೂಡಲೇ ಹೊಸ ಸ್ಪೀಕರ್ ಸೆಟ್ ತರೋಣ ಅಂತ ಯಾರೋ ಒಬ್ಬರು ಎದ್ದು ನಿಲ್ಲುತ್ತಾರೆ.

ಇಷ್ಟಾದರೂ ಚಾವಣಿ ನಿಧಿಯಿಂದ ತೆಗೆಯಲೇಬೇಕಾಗಿ ಬಂದರೆ ಅದನ್ನು ಸಾಲ ಅಂತಲೇ ಬರೆಯಿರಿ. ಕಮಿಟಿ ಠರಾವು, ಮೊತ್ತ, ಯಾವ ತಿಂಗಳೊಳಗೆ ವಾಪಸ್, ಮೂರೂ ನಡವಳಿ ಪುಸ್ತಕದಲ್ಲಿ ಇರಬೇಕು. ಮಹಾಸಭೆಯ ಹಾಳೆಯಲ್ಲೂ ಇರಬೇಕು. ಮುಚ್ಚಿಟ್ಟ ಐದು ಸಾವಿರಕ್ಕೆ ಆಗುವಷ್ಟು ಜಗಳ ಹೇಳಿ ತೆಗೆದ ಐವತ್ತು ಸಾವಿರಕ್ಕೆ ಆಗುವುದಿಲ್ಲ.

ಸಾಗರದವಳು

ನಮ್ಮದು ಕಥೋಲಿಕ ಚರ್ಚ್. ಶಿವಮೊಗ್ಗ ಧರ್ಮಕ್ಷೇತ್ರ 1988ರಲ್ಲಿ ಆಯಿತು. ಶಿವಮೊಗ್ಗದ ಜೊತೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳೂ ಅದಕ್ಕೇ ಸೇರುತ್ತವೆ. ನಮ್ಮಲ್ಲಿ ನಿಮ್ಮ ಹಾಗೆ ವೋಟು ಹಾಕಿ ಬಜೆಟ್ ಪಾಸ್ ಮಾಡುವ ಕ್ರಮ ಇಲ್ಲ. ಫಾದರ್ ಜವಾಬ್ದಾರಿ, ಹಣಕಾಸು ಸಮಿತಿ ಅವರಿಗೆ ಸಲಹೆ ಕೊಡುತ್ತದೆ. ಆದರೆ ಆ ಸಮಿತಿ ಬೇಕಾದರೆ ಇರಲಿ, ಬೇಡದಿದ್ದರೆ ಬಿಡಲಿ ಅನ್ನುವಂಥದ್ದಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 537ನೇ ನಿಯಮದ ಪ್ರಕಾರ ಪ್ರತಿ ಚರ್ಚಿನಲ್ಲೂ ಅದು ಇರಲೇಬೇಕು.

ತುಂಗಾತೀರ ಅವರ ಪ್ರಶ್ನೆಗೆ ನೇರ ಉತ್ತರ ಅದೇ ಸಂಹಿತೆಯ 1267ರಲ್ಲಿದೆ. ಜನ ಒಂದು ಉದ್ದೇಶಕ್ಕೆ ಅಂತ ಕೊಟ್ಟದ್ದನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕು. 1287ರಲ್ಲಿ ಇನ್ನೊಂದು ಮಾತಿದೆ: ಜನ ಕೊಟ್ಟ ಕಾಣಿಕೆಯ ಲೆಕ್ಕವನ್ನು ಜನರಿಗೇ ಒಪ್ಪಿಸಬೇಕು. ಪೂಜೆಗೆ ಅಂತ ಕೊಡುವ ಕಾಣಿಕೆಗೂ ಬೇರೆ ಪುಸ್ತಕ ಇದೆ. ಯಾರು ಕೊಟ್ಟರು, ಯಾವ ಉದ್ದೇಶಕ್ಕೆ, ಎಷ್ಟು, ಪೂಜೆ ಆಯಿತೋ ಇಲ್ಲವೋ ಎಲ್ಲಾ ಅದರಲ್ಲಿ ಬರೆದಿರುತ್ತದೆ. ಸತ್ತ ತಾಯಿಯ ಹೆಸರಲ್ಲಿ ನೂರು ಇನ್ನೂರು ಕೊಟ್ಟವರಿಗೆ ಅದು ದೊಡ್ಡ ವಿಷಯ.

ವಂತಿಗೆ ವಸೂಲಿ ನಮ್ಮಲ್ಲಿ ವಾಡೆಗಳ (ಅಕ್ಕಪಕ್ಕದ ಮನೆಗಳ ಗುಂಪುಗಳ) ಮೂಲಕ. ಪ್ರತಿ ವಾಡೆಗೆ ಒಬ್ಬ ಗುರ್ಕಾರ್, ಅಂದರೆ ಮುಖಂಡ. ಮನೆಯ ಕಷ್ಟ-ಸುಖ ಅವರಿಗೆ ಗೊತ್ತಿರುತ್ತದೆ, ಯಾರ ಹತ್ತಿರ ಯಾವಾಗ ಕೇಳಬೇಕು ಅನ್ನುವುದೂ ಗೊತ್ತಿರುತ್ತದೆ.

ಹಳೇ ಸಭಿಕ

ಎಲ್ಲಾ ಸರಿ. ಆದರೆ ಇಷ್ಟೆಲ್ಲಾ ಪುಸ್ತಕ, ಠರಾವು, ಸಹಿ ಅಂತ ಹೋದರೆ ದೇವರ ಮನೆ ಸರ್ಕಾರಿ ಕಚೇರಿ ಥರ ಆಗಿಬಿಡುವುದಿಲ್ಲವೇ? ನಮ್ಮ ಹಿರಿಯರು ನಂಬಿಕೆಯ ಮೇಲೆ ಸಭೆ ನಡೆಸಿದವರು. ಎರಡನೆಯ ಅರಸುಗಳು 12ನೇ ಅಧ್ಯಾಯ ಓದಿ. ದೇವಾಲಯ ರಿಪೇರಿಗೆ ಹಣ ತೆಗೆದುಕೊಂಡವರ ಹತ್ತಿರ ಲೆಕ್ಕ ಕೇಳಲಿಲ್ಲ, ಅವರು ನಂಬಿಗಸ್ತರಾಗಿದ್ದರು ಅಂತ ಸ್ಪಷ್ಟವಾಗಿ ಇದೆ. ಅನುಮಾನದಿಂದ ಸಭೆ ಬೆಳೆಯುವುದಿಲ್ಲ. ನನ್ನ ಮನಸ್ಸಿಗೆ ಬಂದದ್ದು ಹೇಳಿದೆ.

ನಿವೃತ್ತ ಕ್ಯಾಷಿಯರ್ (ಶಿವಮೊಗ್ಗ)

ಅಣ್ಣಾ, ಅದೇ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದೋಣ. ಅರಸ ಯೆಹೋವಾಷ ಬರುವ ಕಾಣಿಕೆಯಿಂದ ದೇವಾಲಯ ರಿಪೇರಿ ಮಾಡಿ ಅಂತ ಯಾಜಕರಿಗೆ ಹೇಳಿದ್ದ. ಅವನ ಆಳ್ವಿಕೆಯ ಇಪ್ಪತ್ತಮೂರನೇ ವರ್ಷ ಬಂದರೂ ಕೆಲಸ ಆಗಿರಲಿಲ್ಲ. ಆಮೇಲೆ ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಕೊರೆದು ಯಜ್ಞವೇದಿಯ ಪಕ್ಕದಲ್ಲಿ ಇಟ್ಟರು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕ ಮತ್ತು ಮಹಾಯಾಜಕ ಇಬ್ಬರೂ ಬಂದು ಎಣಿಸಿ ಚೀಲಕ್ಕೆ ಹಾಕುತ್ತಿದ್ದರು. ಎಣಿಸಿದ ಹಣವನ್ನು ಮೇಲ್ವಿಚಾರಕರ ಕೈಗೆ ಕೊಟ್ಟರು, ಅವರು ಬಡಗಿಗಳಿಗೆ, ಕಲ್ಲುಕುಟಿಗರಿಗೆ ಕೊಟ್ಟರು. ಲೆಕ್ಕ ಕೇಳಲಿಲ್ಲ ಅನ್ನುವುದು ಆ ಮೇಲ್ವಿಚಾರಕರ ವಿಷಯ. ಬೇರೆ ಪೆಟ್ಟಿಗೆ, ಇಬ್ಬರ ಎಣಿಕೆ ಅದಕ್ಕಿಂತ ಮೊದಲೇ ಆಗಿತ್ತು. ಆ ಹಣದಲ್ಲಿ ಬೆಳ್ಳಿಯ ಪಾತ್ರೆ, ತುತೂರಿ ಯಾವುದನ್ನೂ ಮಾಡಿಸಲಿಲ್ಲ, ರಿಪೇರಿಗೇ ಕೊಟ್ಟರು ಅಂತಲೂ ಅಲ್ಲಿದೆ.

ಪೌಲನೂ ಹಾಗೇ. ಬಡವರಿಗೆ ಕೂಡಿಸಿದ ಹಣ ಒಯ್ಯುವಾಗ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರ ಜೊತೆಗೆ ಬರುತ್ತಾನೆ ಅಂತ ಎರಡನೆಯ ಕೊರಿಂಥ 8ರಲ್ಲಿ ಬರೆಯುತ್ತಾನೆ. ಕರ್ತನ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅನ್ನುವುದು ಅವನ ಕಾಳಜಿ. ಅನುಮಾನ ಇದ್ದವನು ಲೆಕ್ಕ ಕೇಳುತ್ತಾನೆ, ನಿಜ. ಆದರೆ ಪ್ರಾಮಾಣಿಕನಾದ ಖಜಾಂಚಿಯನ್ನು ಅನುಮಾನದಿಂದ ಉಳಿಸುವುದೂ ಲೆಕ್ಕವೇ.

ಹಳೇ ಸಭಿಕ

ಪೆಟ್ಟಿಗೆಯ ಭಾಗ ಒಪ್ಪಿದೆ. ಎಣಿಕೆಗೆ ಇಬ್ಬರು ಇರಲಿ. ಆದರೆ ಮಹಾಸಭೆಯಲ್ಲಿ ಪ್ರತಿ ವೋಚರ್ ಹಿಡಿದು ಎಳೆದಾಡುವುದು ಬೇಡ.

ಭದ್ರೆಯ ಹಳಬ (ಭದ್ರಾವತಿ)

ತಿಂಗಳ ವಂತಿಗೆ ಪದ್ಧತಿ ಬಗ್ಗೆ ಒಂದು ಮಾತು. ನಮ್ಮೂರಲ್ಲಿ ಅದು ಚೆನ್ನಾಗಿ ನಡೆಯಿತು, ಯಾಕೆಂದರೆ ಕಬ್ಬಿಣದ ಕಾರ್ಖಾನೆ 1923ರಿಂದ, ಎಂಪಿಎಂ ಕಾಗದ ಕಾರ್ಖಾನೆ 1936ರಿಂದ ಈ ಊರನ್ನು ಸಾಕಿದವು. ಸಂಬಳದ ದಿನ ಗೊತ್ತಿತ್ತು. ಅದರ ಮುಂದಿನ ಭಾನುವಾರ ವಂತಿಗೆ ಲಕೋಟೆಗಳು ತಾವಾಗಿ ಬರುತ್ತಿದ್ದವು. ಕಾಗದ ಕಾರ್ಖಾನೆ ನಿಂತ ಮೇಲೆ ನಮ್ಮ ಸಭೆಯ ಲೆಕ್ಕವೇ ಬದಲಾಯಿತು. ಹುಡುಗರು ಬೆಂಗಳೂರಿಗೆ ಹೋದರು, ಉಳಿದವರಲ್ಲಿ ಪಿಂಚಣಿ ನಂಬಿದವರೇ ಜಾಸ್ತಿ.

ನಿಮ್ಮದು ಸಂಬಳದ ಊರಲ್ಲ. ತೋಟದ ಊರಿಗೆ ತಿಂಗಳ ವಂತಿಗೆ ಯಾಕೆ? ವರ್ಷಕ್ಕೆ ಇಷ್ಟು ಅಂತ ಪ್ರತಿ ಮನೆಯವರೇ ಬರೆದು ಕೊಡಲಿ, ಯಾವ ತಿಂಗಳು ಕೊಡುತ್ತೇವೆ ಅನ್ನುವುದನ್ನೂ ಅವರೇ ಬರೆಯಲಿ. ಅಡಿಕೆಯವರು ಮಂಡಿಗೆ ಮಾಲು ಹಾಕಿದ ಮೇಲೆ ಕೊಡುತ್ತಾರೆ, ಮೇಷ್ಟ್ರುಗಳು ತಿಂಗಳು ತಿಂಗಳು ಕೊಡುತ್ತಾರೆ. ಖಜಾಂಚಿಗೂ ಯಾವ ತಿಂಗಳು ಎಷ್ಟು ಬರಬಹುದು ಅಂತ ಮೊದಲೇ ಅಂದಾಜು ಸಿಗುತ್ತದೆ. ಕ್ಯಾಷಿಯರ್ ಸಾರ್ ಹೇಳಿದ ಮೀಸಲಿನ ಲೆಕ್ಕವೂ ಆಗ ಗಟ್ಟಿಯಾಗುತ್ತದೆ.

ಅಂದಹಾಗೆ, ಊರು ಬಿಟ್ಟು ಹೋದವರ ಹೆಸರು ಮತದಾರರ ಪಟ್ಟಿಯಲ್ಲಿ ಇರಬೇಕೋ ಬೇಡವೋ ಅನ್ನುವುದನ್ನು ಮಹಾಸಭೆಗೆ ಮೊದಲೇ ನಿಮ್ಮ ಡಯಾಸಿಸ್ ನಿಯಮ ಪುಸ್ತಕ ನೋಡಿ ತೀರ್ಮಾನಿಸಿ. ಸಭೆ ಶುರುವಾದ ಮೇಲೆ ಆ ಮಾತು ಎದ್ದರೆ ಬಜೆಟ್‌ಗೆ ಸಮಯವೇ ಸಿಗುವುದಿಲ್ಲ.

ಹೊಸನಗರ ಅಕ್ಕ

ಸ್ತ್ರೀಯರ ಸಂಘದ ಪರವಾಗಿ ಎರಡು ಮಾತು.

ದಯವಿಟ್ಟು ವಂತಿಗೆ ಬಾಕಿ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಬೇಡಿ. ಆರಾಧನೆಯಲ್ಲಿ ಓದಲೂ ಬೇಡಿ. ನಾನು ಕಂಡ ಒಂದು ಸಭೆಯಲ್ಲಿ ಹಾಗೆ ಮಾಡಿದರು. ಗಂಡನನ್ನು ಕಳೆದುಕೊಂಡು ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದವಳ ಹೆಸರು ಪಟ್ಟಿಯಲ್ಲಿ ಮೊದಲು ಇತ್ತು. ಅವಳು ಆ ಭಾನುವಾರ ಕೊನೆಯ ಬೆಂಚಿನಿಂದ ಎದ್ದು ಹೋದವಳು ಎಷ್ಟೋ ತಿಂಗಳು ಬರಲಿಲ್ಲ. ಬಾಕಿ ಮೊತ್ತ ಸಭೆಗೆ ಹೇಳಿ, ಹೆಸರು ಬೇಡ. ಹೆಸರು ಅಯ್ಯನವರಿಗೂ (ಪಾಸ್ಟರ್‌ಗೂ) ಖಜಾಂಚಿಗೂ ಗೊತ್ತಿದ್ದರೆ ಸಾಕು. ಮನೆಗೆ ಹೋಗಿ ಕೇಳಲಿ, ಕೇಳುವ ಮೊದಲು ಅಡುಗೆ ಮನೆಯಲ್ಲಿ ಅಕ್ಕಿ ಇದೆಯಾ ಅಂತ ವಿಚಾರಿಸಲಿ.

ಇನ್ನು ಸುಗ್ಗಿ ಹಬ್ಬದ ಹರಾಜು. ಅದರ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ಹತ್ತಿರದಿಂದ ನೋಡಿದವಳು ನಾನು. ಮೇಜಿನ ಮೇಲೆ ಬಾಳೆಗೊನೆ, ಕುಂಬಳಕಾಯಿ, ಒಂದು ಸೇರು ಕಾಳುಮೆಣಸು, ಜೇನಿನ ಬಾಟಲಿ, ಕೆಳಗೆ ಕಾಲು ಕಟ್ಟಿದ ಕೋಳಿ. ಒಬ್ಬರು ಕೂಗುತ್ತಾರೆ, ಒಬ್ಬರು ಬರೆಯುತ್ತಾರೆ. ಒಂದು ಗೊನೆಯನ್ನು ಗೆದ್ದವರು ಅದನ್ನೇ ವಾಪಸ್ ಚರ್ಚಿಗೆ ಕೊಟ್ಟು ಮತ್ತೆ ಹರಾಜಿಗೆ ಹಾಕಿಸುತ್ತಾರೆ. ಖುಷಿಯ ಹೊತ್ತು, ಯಾರೂ ಆಗಲೇ ದುಡ್ಡು ಕೊಡುವುದಿಲ್ಲ. ಬರೆಯುವವರು ಒಂದೇ ಗೊನೆ ಅಂತ ಒಂದೇ ಸಾಲು ಬರೆದರೆ ಮೊದಲು ಕೂಗಿದವರ ಮೊತ್ತ ಹೋಯಿತು. ಆದ್ದರಿಂದ ಪ್ರತಿ ಕೂಗಿಗೂ ಒಂದು ನಂಬರ್, ಕಾರ್ಬನ್ ಹಾಕಿದ ಚೀಟಿ, ಒಂದು ಪ್ರತಿ ಕೂಗಿದವರ ಕೈಗೆ. ಬಂದ ದುಡ್ಡು ಮಾತ್ರ ಆದಾಯದ ಸಾಲಿಗೆ. ಬರಬೇಕಾದದ್ದು "ಹರಾಜಿನ ಬಾಕಿ" ಅಂತ ಬೇರೆ ಸಾಲಿಗೆ. ನಮ್ಮ ಸಂಘದವರು ಈಗ ಆ ಮೇಜಿನಲ್ಲಿ ಕೂರುತ್ತೇವೆ, ಕ್ರಿಸ್‌ಮಸ್‌ಗೆ ಮುಂಚೆ ಬಾಕಿ ವಸೂಲಿ ಮಾಡುತ್ತೇವೆ.

ತುಂಗಾತೀರ (ತೀರ್ಥಹಳ್ಳಿ)

ಅಕ್ಕಾ, ಚೀಟಿಯ ವಿಚಾರ ಬಹಳ ಉಪಯೋಗ ಆಯಿತು. ನಮ್ಮಲ್ಲಿ ಹರಾಜಿನ ಮೊತ್ತ ಪೂರ್ತಿ ಬಂದ ಹಾಗೇ ಬರೆಯುತ್ತಿದ್ದರು. ವರ್ಷದ ಕೊನೆಯಲ್ಲಿ ಕೈಯಲ್ಲಿ ದುಡ್ಡು ಇಲ್ಲ, ಪುಸ್ತಕದಲ್ಲಿ ಇದೆ! ಬಾಕಿ ಪಟ್ಟಿಯಲ್ಲಿ ಹೆಸರು ಹಾಕುವುದಿಲ್ಲ, ಅದು ನನ್ನ ಮಾತು.

ಭಾನುವಾರದ ಎಣಿಕೆ ಹೇಗೆ ಮಾಡುತ್ತೀರಿ? ಕ್ಯಾಷಿಯರ್ ಸಾರ್ ಸ್ವಲ್ಪ ಬಿಡಿಸಿ ಹೇಳಿ.

ನಿವೃತ್ತ ಕ್ಯಾಷಿಯರ್ (ಶಿವಮೊಗ್ಗ)

ಆರಾಧನೆ ಮುಗಿದ ಕೂಡಲೇ, ಚರ್ಚಿನೊಳಗೇ. ಚೀಲ ಯಾರ ಮನೆಗೂ ಹೋಗಬಾರದು. ಇಬ್ಬರು ಎಣಿಸಬೇಕು, ಇಬ್ಬರೂ ಒಂದೇ ಮನೆಯವರಾಗಿರಬಾರದು, ವಾರ ವಾರ ಜೋಡಿ ಬದಲಾಗಬೇಕು. ಖಜಾಂಚಿ ಎಣಿಸಬಾರದು, ಎಣಿಸಿದ್ದನ್ನು ತೆಗೆದುಕೊಳ್ಳಬೇಕು. ಚೀಟಿಯಲ್ಲಿ 500, 200, 100 ಹೀಗೆ ನೋಟು ಎಷ್ಟೆಷ್ಟು, ಚಿಲ್ಲರೆ ಎಷ್ಟು, ಹೆಸರು ಬರೆದ ಲಕೋಟೆ ಎಷ್ಟು ಅಂತ ಬರೆದು ಮೂವರ ಸಹಿ. ಮಳೆಗಾಲದಲ್ಲಿ ನೋಟುಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿರುತ್ತವೆ. ಟವೆಲ್ ಮೇಲೆ ಬಿಡಿಸಿ ಹರಡಿ, ಎರಡು ಸಲ ಎಣಿಸಿ. ಸೋಮವಾರ ಪೂರ್ತಿ ಮೊತ್ತ ಬ್ಯಾಂಕಿಗೆ. ಅದರಿಂದಲೇ ಖರ್ಚು ಮಾಡಿ ಉಳಿದದ್ದನ್ನು ಕಟ್ಟಬೇಡಿ. ಖರ್ಚಿಗೆ ಬೇಕಾದದ್ದನ್ನು ಬೇರೆಯಾಗಿ ತೆಗೆಯಿರಿ. ಆಗ ಪಾಸ್‌ಬುಕ್ಕಿನ ಸಾಲು, ಎಣಿಕೆ ಚೀಟಿ ಎರಡೂ ಒಂದೇ ಮೊತ್ತ ತೋರಿಸುತ್ತವೆ.

ಕೊಪ್ಪದ ಹುಡುಗ

ನಮಸ್ಕಾರ. ನಮ್ಮ ಸಭೆಯಲ್ಲಿ ಕ್ಯೂಆರ್ ಕೋಡ್ ಹಾಕಬೇಕು ಅಂತ ಯುವಜನರು ಕೇಳುತ್ತಿದ್ದೇವೆ. ಸದ್ಯಕ್ಕೆ ಖಜಾಂಚಿಯವರ ಸ್ವಂತ ನಂಬರ್‌ಗೆ ಕಳಿಸಿ ಅನ್ನುತ್ತಾರೆ. ಸರೀನಾ? ಇನ್ನೊಂದು, ದುಬೈಯಲ್ಲಿರುವ ಒಬ್ಬರು ಮತ್ತು ಅಮೆರಿಕದಲ್ಲಿರುವ ಒಬ್ಬರು ಹೊಸ ಚಾವಣಿಗೆ ದುಡ್ಡು ಕಳಿಸುತ್ತೇವೆ ಅಂದಿದ್ದಾರೆ. ಅವರಿಗೆ ತೆರಿಗೆ ರಿಯಾಯಿತಿ ರಸೀದಿ ಬೇಕಂತೆ.

ನಿವೃತ್ತ ಕ್ಯಾಷಿಯರ್ (ಶಿವಮೊಗ್ಗ)

ಸ್ವಂತ ನಂಬರ್ ಖಂಡಿತ ಬೇಡ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಸಭೆಯ ಹಣ ಅವರ ಖಾತೆಗೆ ಬಂದರೆ ನಾಳೆ ತೆರಿಗೆಯವರು ಕೇಳುವುದು ಅವರನ್ನೇ. ಸಭೆಯ ಖಾತೆಗೇ ಕ್ಯೂಆರ್ ಕೋಡ್ ಕೊಡಿ ಅಂತ ಬ್ಯಾಂಕಿನಲ್ಲಿ ಕೇಳಿ. ಕಳಿಸುವವರು ಷರಾದಲ್ಲಿ "ವಂತಿಗೆ", "ಚಾವಣಿ" ಅಂತ ಬರೆಯಲು ಹೇಳಿ.

ಹೊರದೇಶದ ದುಡ್ಡಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ಯಾವ ದೇಶದಲ್ಲಿದ್ದಾರೆ ಅನ್ನುವುದಕ್ಕಿಂತ ಯಾವ ದೇಶದ ಪಾಸ್‌ಪೋರ್ಟ್ ಅನ್ನುವುದು ಮುಖ್ಯ. ದುಬೈಯವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು, ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದವರು ಅಲ್ಲಿನ ಪ್ರಜೆ ಆಗಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆ. 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯಲ್ಲಿ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಪಡೆಯಬಾರದು. 2020ರ ತಿದ್ದುಪಡಿಯಾದ ಮೇಲೆ ಅಂಥ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅವರ ಪಾಸ್‌ಪೋರ್ಟ್ ಪ್ರತಿ ಕೇಳಿ ಫೈಲಿನಲ್ಲಿ ಇಡಿ. ಕೇಳಲು ಸಂಕೋಚ ಬೇಡ.

ತೆರಿಗೆ ರಿಯಾಯಿತಿ ಅಂದರೆ ಜನ 80ಜಿ ಅಂತ ಕರೆಯುವ, ದಾನ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ. ಅದು ಇರುವುದು ಧರ್ಮಾರ್ಥ ಕೆಲಸದ ಸಂಸ್ಥೆಗಳಿಗೆ. ಬರೀ ಆರಾಧನೆಗೆ ಇರುವ ಸಭೆಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಕೊಡುತ್ತೇವೆ ಅಂತ ಸುಮ್ನೆ ಮಾತು ಕೊಡಬೇಡಿ.

ಹೆಂಚಿನ ಕೆಲಸದವರಿಗೆ ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ. ಹಾಗೇ ಒಬ್ಬರಿಂದ ಒಂದು ದಿನದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವ ಹಾಗಿಲ್ಲ.

ಇದೆಲ್ಲಕ್ಕೂ ಮೊದಲು ನಿಮ್ಮ ಖಾತೆಯಲ್ಲಿರುವ ಪ್ಯಾನ್ ಯಾರದು ಅಂತ ನೋಡಿ. ಡಯಾಸಿಸ್‌ನದ್ದಾದರೆ ನಿಮ್ಮ ಲೆಕ್ಕ ಅವರ ಲೆಕ್ಕದೊಳಗೆ ಸೇರಬೇಕು, ಅವರು ಕೇಳಿದ ದಿನಕ್ಕೆ ಕಳಿಸಲೇಬೇಕು. ಸಿಎಸ್‌ಐನವರಿಗೆ ಇನ್ನೊಂದು: ಆಸ್ತಿ ಸಾಮಾನ್ಯವಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿ ಇರುತ್ತದೆ. ಕಟ್ಟಡಕ್ಕೆ ದೊಡ್ಡ ಬದಲಾವಣೆ ಇದ್ದರೆ ಡಯಾಸಿಸ್‌ಗೆ ಬರೆದು ಒಪ್ಪಿಗೆ ಪಡೆದೇ ಕೈ ಹಾಕಿ.

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ಸಂಜೆ ಕಮಿಟಿಯಲ್ಲಿ ಇದನ್ನೆಲ್ಲ ಇಟ್ಟು ಮಾತಾಡಿದೆವು. ಅಯ್ಯನವರೂ ಒಪ್ಪಿದ್ದಾರೆ. ಮಹಾಸಭೆಗೆ ಎರಡು ಭಾನುವಾರ ಮೊದಲೇ ಪ್ರತಿ ಮನೆಗೆ ಒಂದು ಹಾಳೆ ಕೊಡುತ್ತೇವೆ. ಒಂದು ಬದಿಯಲ್ಲಿ ಹನ್ನೆರಡು ತಿಂಗಳ ಆದಾಯ ಮತ್ತು ಖರ್ಚು, ಇನ್ನೊಂದು ಬದಿಯಲ್ಲಿ ಚಾವಣಿ ನಿಧಿ: ಶುರುವಿನಲ್ಲಿ ಎಷ್ಟಿತ್ತು, ಎಷ್ಟು ಬಂತು, ಯಾವ ತಿಂಗಳು ಎಷ್ಟು ತೆಗೆದರು, ಎಷ್ಟು ವಾಪಸ್ ಬರಬೇಕು. ಹಳೆಯ ಬಾಕಿಯನ್ನೂ ಸೇರಿಸಿ ಬರೆಯುತ್ತೇವೆ. ಓದಲು ಬಾರದ ಹಿರಿಯರಿಗೆ ಸಂಡೇ ಸ್ಕೂಲ್ ಟೀಚರ್‌ಗಳು ಮನೆಗೆ ಹೋಗಿ ಓದಿ ಹೇಳುತ್ತಾರೆ. ಹಳೇ ಸಭಿಕರ ಮಾತಿನಂತೆ ಮಹಾಸಭೆಯಲ್ಲಿ ವೋಚರ್ ಎಳೆದಾಡುವುದು ಬೇಡ, ನೋಡಬೇಕು ಅನ್ನುವವರಿಗೆ ಮಹಾಸಭೆಗೆ ಮುಂಚಿನ ಶನಿವಾರ ಪುಸ್ತಕಗಳನ್ನು ತೆರೆದಿಡುತ್ತೇವೆ.

ಬರುವುದನ್ನು ಬಿಟ್ಟ ಆ ಎರಡು ಮನೆಗಳಿಗೆ ಹಾಳೆಯನ್ನು ನಾನೇ ಕೊಟ್ಟು ಬರುತ್ತೇನೆ.

ಒಂದೇ ಅನುಮಾನ ಉಳಿದಿದೆ. ಲೆಕ್ಕ ತಪಾಸಣೆಗೆ ಕಮಿಟಿಯ ಸದಸ್ಯರೊಬ್ಬರೇ ಆಗಬಹುದಾ?

ನಿವೃತ್ತ ಕ್ಯಾಷಿಯರ್ (ಶಿವಮೊಗ್ಗ)

ಬೇಡ. ಖರ್ಚಿಗೆ ಒಪ್ಪಿಗೆ ಕೊಟ್ಟವರೇ ಅದನ್ನು ತಪಾಸಣೆ ಮಾಡಬಾರದು. ಕಮಿಟಿಯಲ್ಲಿ ಇಲ್ಲದ, ಲೆಕ್ಕ ಗೊತ್ತಿರುವ ಇಬ್ಬರನ್ನು ಮಹಾಸಭೆಯೇ ಆರಿಸಲಿ. ಸೊಸೈಟಿಯಲ್ಲಿ ಕೆಲಸ ಮಾಡಿದವರು, ಶಾಲೆಯ ಗುಮಾಸ್ತರು ಯಾರಾದರೂ ಇದ್ದೇ ಇರುತ್ತಾರೆ. ಡಯಾಸಿಸ್‌ನಿಂದ ಆಡಿಟರ್ ಬರುವುದಿದ್ದರೂ ಈ ಇಬ್ಬರು ಮೂರು ತಿಂಗಳಿಗೊಮ್ಮೆ ನೋಡಲಿ. ಸೆಪ್ಟೆಂಬರ್ ಕೊನೆಯದನ್ನು ಮಾತ್ರ ತಪ್ಪಿಸಬೇಡಿ, ಮೀಸಲು ಸಾಕಾಯಿತೋ ಇಲ್ಲವೋ ಆಗ ಗೊತ್ತಾಗುತ್ತದೆ. ಮತ್ತೆ, ಬ್ಯಾಂಕಿನಲ್ಲಿ ಹಳೆಯ ಖಜಾಂಚಿಯ ಸಹಿ ತೆಗೆಸಿ ನಿಮ್ಮದನ್ನು ಸೇರಿಸುವ ಅರ್ಜಿಗೆ ಠರಾವಿನ ಪ್ರತಿ ಬೇಕಾಗುತ್ತದೆ. ಮಹಾಸಭೆಯ ದಿನವೇ ಬರೆಸಿ, ಅಯ್ಯನವರ ಸಹಿ, ಸಭೆಯ ಸೀಲ್ ಹಾಕಿಸಿಕೊಂಡು ಇಟ್ಟುಕೊಳ್ಳಿ.